ನಾಲ್ಕು ಜನ, ನಾಲ್ಕು ರಾತ್ರಿ, ಒಂದೇ ಸಿಯೋಲ್

ಕೊರಿಯಾ ಟ್ರಿಪ್ ಪ್ಲಾನ್ ಮಾಡೋದು ಕಷ್ಟವಲ್ಲ. ಯೂಟ್ಯೂಬ್ ತೆಗೆದರೆ ಹತ್ತು ನಿಮಿಷದಲ್ಲಿ ಐವತ್ತು ಜಾಗಗಳ ಪಟ್ಟಿ ರೆಡಿ. ಕಷ್ಟ ಇರೋದು ಆ ಪಟ್ಟಿಯಲ್ಲಿ ನಲವತ್ತನ್ನು ಹೊಡೆದು ಹಾಕೋದರಲ್ಲಿ. ಅದೂ ಸ್ನೇಹಿತರೆಲ್ಲ ಸೇರಿ, ಯಾರ ಮನಸ್ಸಿಗೂ ಬೇಜಾರಾಗದ ಹಾಗೆ.

ನಮ್ಮದು ಎಂಜಿನಿಯರಿಂಗ್ ಕಾಲೇಜಿನ ಕೊನೇ ಬೆಂಚಿನ ಗುಂಪು. ಈಗ ಎಲ್ಲರಿಗೂ ಮೂವತ್ತರ ಆಸುಪಾಸು. ಒಬ್ಬಳು ಹುಬ್ಬಳ್ಳಿಯವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇನ್ನೊಬ್ಬಳು ಬಿಟಿಎಸ್ ಅಭಿಮಾನಿ, ನಮ್ಮ ಪಾಲಿಗೆ ‘ಆರ್ಮಿ’. ಜನವರಿಯಲ್ಲಿ ಗಂಡನ ಜೊತೆ ಜರ್ಮನಿಗೆ ಹೊರಡುವವಳಿದ್ದಳು. ಮೂರನೆಯವನು ಮೈಸೂರಿನವನು. ಆ ವರ್ಷವಷ್ಟೇ ಲೇಆಫ್‌ನಲ್ಲಿ ಕೆಲಸ ಹೋಗಿ, ಕಡಿಮೆ ಸಂಬಳಕ್ಕೆ ಬೇರೆ ಕಡೆ ಸೇರಿದ್ದ. ನಾಲ್ಕನೆಯದು ನಾನು. ಎಕ್ಸೆಲ್ ಶೀಟ್ ಮಾಡುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ.

ಒಬ್ಬಳು ಜರ್ಮನಿಗೆ ಹೋದಮೇಲೆ ನಾಲ್ವರೂ ಒಟ್ಟಿಗೆ ಸಿಗೋದು ಯಾರದ್ದೋ ಮದುವೆ, ನಾಮಕರಣದ ಊಟದ ಪಂಕ್ತಿಯಲ್ಲಿ ಮಾತ್ರ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಶುರುವಿನಲ್ಲೇ ಒಂದು ಮಾತಾಯಿತು: ಹೋದರೆ ನಾಲ್ವರೂ, ಇಲ್ಲದಿದ್ದರೆ ಯಾರೂ ಇಲ್ಲ. ಕಳೆದ ಅಕ್ಟೋಬರ್ ಕೊನೆಯ ವಾರ ನಾಲ್ಕು ರಾತ್ರಿಗಳ ಮಟ್ಟಿಗೆ ಸಿಯೋಲ್‌ಗೆ ಹೋಗಿ ಬಂದೆವು. ನೀವೂ ಗೆಳೆಯರ ಜೊತೆ ಇಂಥದ್ದೇ ಸಣ್ಣ ಟ್ರಿಪ್ ಯೋಚನೆಯಲ್ಲಿದ್ದರೆ, ನಮಗೆ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು

ಗ್ರೂಪಿನಲ್ಲಿ ಜಾಗಗಳ ಬಗ್ಗೆ ಮೂರು ಜನ ಜೋರಾಗಿ ಮೆಸೇಜ್ ಹಾಕುತ್ತಿದ್ದಾರೆ, ಒಬ್ಬರು ಬರೀ ಥಂಬ್ಸ್ ಅಪ್ ಒತ್ತುತ್ತಿದ್ದಾರೆ ಅಂದರೆ, ಆ ಒಬ್ಬರಿಗೆ ಜಾಗದ ಬಗ್ಗೆ ತಕರಾರಿಲ್ಲ, ಜೇಬಿನ ಬಗ್ಗೆ ಚಿಂತೆ ಇದೆ ಅಂತ ತಿಳಿಯಬೇಕು. ‘ನನ್ನ ಹತ್ರ ಅಷ್ಟು ಆಗಲ್ಲ ಕಣ್ರೋ’ ಅಂತ ಬಾಯಿಬಿಟ್ಟು ಹೇಳುವುದು ಮೂವತ್ತರ ವಯಸ್ಸಿನಲ್ಲಿ ಇಪ್ಪತ್ತರಷ್ಟು ಸುಲಭವಲ್ಲ.

ಅದಕ್ಕೆ ನಾವು ಹೆಸರು ಕೇಳದ ಒಂದು ಗೂಗಲ್ ಫಾರ್ಮ್ ಮಾಡಿದೆವು. ಒಂದೇ ಪ್ರಶ್ನೆ: ಶಾಪಿಂಗ್ ಬಿಟ್ಟು, ವಿಮಾನ, ವೀಸಾ, ರೂಮು, ಊಟ, ಓಡಾಟ ಎಲ್ಲ ಸೇರಿ ನೀನು ನೆಮ್ಮದಿಯಿಂದ ಖರ್ಚು ಮಾಡಬಹುದಾದ ಮೊತ್ತ ಎಷ್ಟು? ನಾಲ್ಕು ಉತ್ತರ ಬಂದವು. 2 ಲಕ್ಷ, 1.5 ಲಕ್ಷ, 1.2 ಲಕ್ಷ ಮತ್ತು 90 ಸಾವಿರ. ಮೊದಲೇ ಒಪ್ಪಿಕೊಂಡ ನಿಯಮದ ಪ್ರಕಾರ ಅತಿ ಕಡಿಮೆ ಸಂಖ್ಯೆಯೇ ಎಲ್ಲರ ಬಜೆಟ್. ಅದು ಯಾರದ್ದು ಅಂತ ಯಾರೂ ಕೇಳುವ ಹಾಗಿಲ್ಲ.

90 ಸಾವಿರ ಅಂತ ಫಿಕ್ಸ್ ಆದ ಕೂಡಲೇ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿದವು. ಹೋಟೆಲ್ ಬೇಡ, ನಾಲ್ಕು ಜನರ ಗೆಸ್ಟ್‌ಹೌಸ್ ಸಾಕು. ಟ್ಯಾಕ್ಸಿ ಬೇಡ, ಮೆಟ್ರೋ ಸಾಕು. ಥಂಬ್ಸ್ ಅಪ್ ಒತ್ತುತ್ತಿದ್ದವನೂ ಮಾತಾಡಲು ಶುರು ಮಾಡಿದ.

ಜೊತೆಗೆ ಇನ್ನೊಂದು ನಿಯಮ: ರೂಮು, ಊಟ ನಾಲ್ಕು ಸಮಪಾಲು, ಕುಡಿಯುವುದು ಕುಡಿದವರ ಪಾಲು. ಬಿಲ್ಲನ್ನು ತಲೆ ಲೆಕ್ಕದಲ್ಲಿ ಹಂಚಿಕೊಳ್ಳುವುದಕ್ಕೆ ಕೊರಿಯಾದ ಹುಡುಗರು ‘ಎನ್-ಪ್ಪಾಂಗ್’ ಅನ್ನುತ್ತಾರೆ. ‘ಎನ್’ ಅಂದರೆ ಗಣಿತದ ಎನ್. ಎಂಜಿನಿಯರ್‌ಗಳಿಗೆ ವಿವರಿಸಬೇಕಾದ್ದೇ ಇಲ್ಲ!

ಒಂದೇ ಊರು ಸಾಕು

‘ಬೂಸಾನ್‌ಗೂ ಹೋಗೋಣ, ಅಲ್ಲಿ ಸಮುದ್ರ ಇದೆ’ ಅಂತ ಮೈಸೂರಿನವನ ಆಸೆ. ಕೆಟಿಎಕ್ಸ್ ವೇಗದ ರೈಲಿನಲ್ಲಿ ಸಿಯೋಲ್‌ನಿಂದ ಸುಮಾರು ಎರಡೂವರೆ ಗಂಟೆ. ಕೇಳೋಕೆ ಬೆಂಗಳೂರು-ಮೈಸೂರು ಅಷ್ಟೇ ಅನ್ನಿಸುತ್ತದೆ. ಆದರೆ ರೂಮ್ ಖಾಲಿ ಮಾಡಿ, ಸ್ಟೇಷನ್ ಸೇರಿ, ಇಳಿದು, ಮತ್ತೆ ರೂಮ್ ಹುಡುಕಿ, ವಾಪಸ್ ಬರುವ ಹೊತ್ತಿಗೆ ಒಂದು ದಿನ ಹೋಗಿಬಿಡುತ್ತದೆ. ನಾಲ್ಕು ದಿನದಲ್ಲಿ ಒಂದು ದಿನ ಅಂದರೆ ಕಾಲು ಭಾಗ ಟ್ರಿಪ್.

ಹೀಗೆ ಎಳೆದಾಟ ಬಂದಾಗ ನಾವು ಇಟ್ಟುಕೊಂಡ ಉಪಾಯ ಇದು. ಪ್ರತಿಯೊಬ್ಬರಿಗೂ ಒಂದು ‘ಬೇಕೇ ಬೇಕು’, ಒಂದು ‘ಬೇಡವೇ ಬೇಡ’. ಬೇಕು ಅಂದದ್ದನ್ನು ಉಳಿದವರು ಪ್ರಶ್ನಿಸುವಂತಿಲ್ಲ. ಬೇಡ ಅಂದದ್ದಕ್ಕೆ ಕಾರಣ ಕೇಳುವಂತಿಲ್ಲ. ಬೂಸಾನ್, ಉತ್ತರ ಕೊರಿಯಾ ಗಡಿಯ ಡಿಎಂಜೆಡ್ ಟೂರ್, ನಾಮಿ ದ್ವೀಪ, 123 ಮಹಡಿಯ ಲೊಟ್ಟೆ ವರ್ಲ್ಡ್ ಟವರ್, ನಾಲ್ಕೂ ‘ಬೇಡ’ದಲ್ಲಿ ಹೋದವು. ಉಳಿದದ್ದು ಅರಮನೆ, ಬಿಟಿಎಸ್ ಕಂಪನಿಯ ಕಟ್ಟಡ, ಒಂದು ಹೊಳೆ, ಒಂದು ನದಿ. ಸಮುದ್ರ ಕಳೆದುಕೊಂಡವನು ನದಿ ಕೇಳಿದ್ದ.

ವೀಸಾ ಮತ್ತು ವಾರ

ಭಾರತೀಯರಿಗೆ ಕೊರಿಯಾ ವೀಸಾ ಮೊದಲೇ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್, ಕಂಪನಿಯ ರಜೆ ಪತ್ರ, ದಿನವಾರು ಪ್ಲಾನ್ ಎಲ್ಲ ಜೋಡಿಸಿಕೊಳ್ಳಿ. ಇತ್ತೀಚೆಗೆ ಕೆಲಸ ಬದಲಿಸಿದವರಿದ್ದರೆ ಅವರ ಕಾಗದ ಪತ್ರಗಳನ್ನು ಮೊದಲು ಶುರು ಮಾಡಿ. ಹಳೆ ಕಂಪನಿಯ ರಿಲೀವಿಂಗ್ ಲೆಟರ್, ಹೊಸ ಕಂಪನಿಯ ಪೇಸ್ಲಿಪ್ ಹೊಂದಿಸಲು ಸಮಯ ಹಿಡಿಯುತ್ತದೆ. ವೀಸಾ ಕೈಗೆ ಬರುವ ತನಕ ರದ್ದು ಮಾಡಬಹುದಾದ ರೂಮ್ ಮಾತ್ರ ಬುಕ್ ಮಾಡಿ. ಹೊರಡುವ ಮುಂಚಿನ ಮೂರು ದಿನಗಳಲ್ಲಿ ಇ-ಅರೈವಲ್ ಕಾರ್ಡ್ ಆನ್‌ಲೈನ್ ತುಂಬಬಹುದು. ಅದು ಉಚಿತ, ಯಾರಾದರೂ ದುಡ್ಡು ಕೇಳಿದರೆ ಅದು ಬೇರೆ ವೆಬ್‌ಸೈಟ್ ಅಂತ ತಿಳಿಯಿರಿ.

ಏಪ್ರಿಲ್ ಮೊದಲಲ್ಲಿ ಚೆರ್ರಿ ಹೂವು, ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ ಹಳದಿ-ಕೆಂಪು ಎಲೆ. ಜೂನ್ ಕೊನೆಯಿಂದ ಜುಲೈ ಮಳೆಗಾಲ. ಸೋಲ್ಲಾಲ್ ಮತ್ತು ಚುಸೋಕ್ ಹಬ್ಬಗಳಲ್ಲಿ ಊರಿಗೆ ಊರೇ ಹಳ್ಳಿಗೆ ಹೊರಡುತ್ತದೆ, ನಮ್ಮ ದೀಪಾವಳಿ ಹಿಂದಿನ ದಿನದ ಮೆಜೆಸ್ಟಿಕ್ ನೆನಪಿಸಿಕೊಳ್ಳಿ. ಆ ವಾರಗಳನ್ನು ಬಿಡಿ.

ಗುರುವಾರ ಇಳಿದು ಸೋಮವಾರ ಹೊರಡುವ ಹಾಗೆ ಇಟ್ಟುಕೊಂಡೆವು. ಇದಕ್ಕೊಂದು ಕಾರಣವಿದೆ: ದೊಡ್ಡ ಅರಮನೆ ಗ್ಯೋಂಗ್‌ಬೊಕ್‌ಗುಂಗ್‌ಗೆ ಮಂಗಳವಾರ ರಜೆ. ನಾವು ಬುಕ್ ಮಾಡುವಾಗ ಬೆಂಗಳೂರಿನಿಂದ ನೇರ ವಿಮಾನ ಇರಲಿಲ್ಲ, ಒಂದು ಕಡೆ ಬದಲಿಸಬೇಕಾಯಿತು. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಳಿಗ್ಗೆ ಏಳೋದು ತುಸು ಕಷ್ಟ, ರಾತ್ರಿ ಎಚ್ಚರ ಇರೋದು ಸುಲಭ. ನಮ್ಮಂಥವರಿಗೆ ಸರಿಯಾಗೇ ಇದೆ.

ರಾತ್ರಿ ಎಲ್ಲಿ ಮುಗಿಯುತ್ತೋ ಅಲ್ಲೇ ರೂಮ್

ಸಿಯೋಲ್ ಮೆಟ್ರೋ ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತದೆ. ರಾತ್ರಿ 10ರಿಂದ ಬೆಳಗಿನ 4ರವರೆಗೆ ಟ್ಯಾಕ್ಸಿಗೆ ಹೆಚ್ಚುವರಿ ದರ. ‘ಓಲ್‌ಪ್ಪೆಮಿ’ ಅಂದರೆ ಗೂಬೆ ಹೆಸರಿನ ರಾತ್ರಿ ಬಸ್ಸುಗಳಿವೆ, ಆದರೆ ಎಲ್ಲ ಕಡೆಗೂ ಇಲ್ಲ. ಹಾಗಾಗಿ ರೂಮನ್ನು ಅರಮನೆಯ ಹತ್ತಿರ ಅಲ್ಲ, ರಾತ್ರಿಯ ಗದ್ದಲದ ಹತ್ತಿರ ಹಿಡಿದೆವು.

ಆ ಜಾಗ ಹೊಂಗ್‌ದೇ. ಹೊಂಗಿಕ್ ವಿಶ್ವವಿದ್ಯಾಲಯದ ಸುತ್ತಮುತ್ತಲಿನ ಪ್ರದೇಶ. ಇಂಚಿಯಾನ್ ವಿಮಾನ ನಿಲ್ದಾಣದ ರೈಲು, ಎಲ್ಲ ಕಡೆ ನಿಲ್ಲುವ ಅಗ್ಗದ ರೈಲು, ನೇರ ಇಲ್ಲಿಗೇ ಬರುತ್ತದೆ. ಊರನ್ನು ಸುತ್ತು ಹಾಕುವ ಹಸಿರು ಮಾರ್ಗ, ಎರಡನೇ ಲೈನ್ ಕೂಡ ಇಲ್ಲಿದೆ. ಇಳಿದ ತಕ್ಷಣ ಅಂಗಡಿಯಲ್ಲಿ ಟಿ-ಮನಿ ಕಾರ್ಡ್ ಕೊಂಡು, ನೋಟು ಕೊಟ್ಟು ರೀಚಾರ್ಜ್ ಮಾಡಿಸಿ. ಮೆಟ್ರೋ ಒಂದು ಸಲಕ್ಕೆ ಸುಮಾರು 1,500 ವಾನ್, ಅಂದರೆ ನೂರು ರೂಪಾಯಿಯ ಒಳಗೆ. ಉಳಿದ ಕಡೆ ಕಾರ್ಡ್ ನಡೆಯುತ್ತದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಇನ್ನೊಂದು ಮಾತು: ಗೂಗಲ್ ಮ್ಯಾಪ್ ನಂಬಿಕೊಂಡು ಹೊರಡಬೇಡಿ. ನಾವು ಹೋದಾಗ ಅದರಲ್ಲಿ ನಡೆಯುವ ದಾರಿಯೇ ಸರಿಯಾಗಿ ಬರುತ್ತಿರಲಿಲ್ಲ. ನೇವರ್ ಮ್ಯಾಪ್ ಅಥವಾ ಕಕಾವೋ ಮ್ಯಾಪ್ ಹಾಕಿಕೊಳ್ಳಿ. ಅನುವಾದಕ್ಕೆ ಪಪಾಗೊ ಆ್ಯಪ್.

ದಿನಕ್ಕೊಂದೇ ದಿಕ್ಕು

ಒಂದು ದಿನ ಊರಿನ ಒಂದೇ ಭಾಗ, ನಡೆದು ಮುಗಿಸುವಷ್ಟು. ಇದಿಷ್ಟೇ ನಮ್ಮ ಸೂತ್ರ.

ಗುರುವಾರ: ಮಧ್ಯಾಹ್ನ ಇಳಿದಿದ್ದರಿಂದ ಹೊಂಗ್‌ದೇ ಬಿಟ್ಟು ಕದಲಲಿಲ್ಲ. ಪಕ್ಕದಲ್ಲೇ ಗ್ಯೋಂಗ್ವಿ ಲೈನ್ ಪಾರ್ಕ್ ಇದೆ. ರೈಲು ಹಳಿ ನೆಲದಡಿಗೆ ಹೋದಮೇಲೆ ಮೇಲಿನ ಉದ್ದನೆಯ ಜಾಗವನ್ನು ಪಾರ್ಕ್ ಮಾಡಿದ್ದಾರೆ. ಸಂಜೆ ಹೊಂಗ್‌ದೇ ಬೀದಿಯಲ್ಲಿ ಹುಡುಗ ಹುಡುಗಿಯರು ಸ್ಪೀಕರ್ ಇಟ್ಟು ಹಾಡುತ್ತಾರೆ, ಕುಣಿಯುತ್ತಾರೆ. ನೋಡೋಕೆ ದುಡ್ಡಿಲ್ಲ.

ಶುಕ್ರವಾರ: ಗ್ಯೋಂಗ್‌ಬೊಕ್‌ಗುಂಗ್. 1395ರಲ್ಲಿ ಕಟ್ಟಿದ ಜೋಸನ್ ಅರಸರ ಅರಮನೆ. 1592ರ ಜಪಾನ್ ದಾಳಿಯ ಹೊತ್ತಿಗೆ ಸುಟ್ಟುಹೋಗಿ, 19ನೇ ಶತಮಾನದಲ್ಲಿ ಮತ್ತೆ ಎದ್ದು, ವಸಾಹತು ಕಾಲದಲ್ಲಿ ಮತ್ತೆ ಬಿದ್ದು, ಈಗ ಪುನಃ ಕಟ್ಟುತ್ತಿರುವಂಥದ್ದು. ಬೆಳಿಗ್ಗೆ 10ಕ್ಕೆ ಕಾವಲುಗಾರರ ಬದಲಾವಣೆ ನಡೆಯುತ್ತದೆ. ಹನ್‌ಬೊಕ್, ಅಂದರೆ ಅವರ ಸಾಂಪ್ರದಾಯಿಕ ಉಡುಪು, ಬಾಡಿಗೆಗೆ ತೊಟ್ಟು ಹೋದರೆ ಪ್ರವೇಶ ಉಚಿತ. ನಮ್ಮ ಹುಬ್ಬಳ್ಳಿಯವಳ ‘ಬೇಕೇ ಬೇಕು’ ಅದೇ ಆಗಿತ್ತು.

ಅಲ್ಲಿಂದ ನಡೆದರೆ ಬುಕ್‌ಚೋನ್, ಹಳೆಯ ಹಂಚಿನ ಮನೆಗಳ ಬಡಾವಣೆ. ಅದು ಸಿನಿಮಾ ಸೆಟ್ ಅಲ್ಲ, ಜನ ಬಾಳುವ ಮನೆಗಳು. ಪ್ರವಾಸಿಗರ ಗಲಾಟೆ ತಡೆಯಲಾಗದೆ, ಅಲ್ಲಿನ ಮುಖ್ಯ ಭಾಗದಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರಿಗೆ ಪ್ರವೇಶ ನಿಲ್ಲಿಸಿದ್ದಾರೆ. 2025ರ ಮಾರ್ಚ್‌ನಿಂದ ಮೀರಿದವರಿಗೆ 1 ಲಕ್ಷ ವಾನ್ ದಂಡ. ಮಧ್ಯಾಹ್ನವೇ ಹೋಗಿ, ಮೆತ್ತಗೆ ಮಾತಾಡಿ.

ಸಂಜೆ ನನ್ನ ಪಾಲಿನ ಹೊಳೆ, ಚ್ಯೋಂಗ್ಯೆಚೋನ್. ಒಂದು ಕಾಲದಲ್ಲಿ ಈ ಹೊಳೆಯನ್ನು ಕಾಂಕ್ರೀಟ್ ಹಾಕಿ ಮುಚ್ಚಿ, ಮೇಲೆ ಫ್ಲೈಓವರ್ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ಶುರು ಮಾಡಿ 2005ರಲ್ಲಿ ಸುಮಾರು 6 ಕಿಲೋಮೀಟರ್ ಹೊಳೆಯನ್ನು ಮತ್ತೆ ತೆರೆದರು. ನೀರು ಬಹುಪಾಲು ಪಂಪ್ ಮಾಡಿ ಹರಿಸುವುದು, ಹಾಗಾಗಿ ಇದು ನಿಜವಾದ ಹೊಳೆಯೇ ಅಂತ ಟೀಕಿಸುವವರೂ ಇದ್ದಾರೆ. ಆದರೂ ರಾಜಕಾಲುವೆ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ಬೈಕ್ ಓಡಿಸುವ ನನ್ನಂಥವನಿಗೆ, ಆಫೀಸ್ ಮುಗಿಸಿದ ಜನ ನೀರಿನ ಪಕ್ಕ ಸುಮ್ಮನೆ ಕೂತಿರುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಶನಿವಾರ: ಸೋಂಗ್ಸು. ಹಳೆಯ ಚಪ್ಪಲಿ ಕಾರ್ಖಾನೆ, ಗೋದಾಮುಗಳು ಕಾಫಿ ಅಂಗಡಿಗಳಾಗಿರುವ ಪ್ರದೇಶ. ಹತ್ತಿರದಲ್ಲೇ ಸಿಯೋಲ್ ಫಾರೆಸ್ಟ್ ಪಾರ್ಕ್. ರಾತ್ರಿ ಹಾನ್ ನದಿ.

ಭಾನುವಾರ: ಬೆಳಿಗ್ಗೆ ನಾಲ್ವರೂ ಬೇರೆ ಬೇರೆ. ಇದನ್ನು ಪ್ಲಾನ್‌ನಲ್ಲೇ ಬರೆದಿಟ್ಟಿದ್ದೆವು. ಮೂರು ದಿನ ಒಂದೇ ರೂಮು, ಒಂದೇ ಬಾತ್‌ರೂಮು ಹಂಚಿಕೊಂಡ ಮೇಲೆ ಎಷ್ಟೇ ಜೀವದ ಗೆಳೆಯರಾದರೂ ಅರ್ಧ ದಿನದ ಬಿಡುವು ಬೇಕು. ಆರ್ಮಿ ಯೊಂಗ್ಸಾನ್‌ಗೆ ಹೋಗಿ ಹೈಬ್ ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ನಾನು ಅದೇ ಯೊಂಗ್ಸಾನ್‌ನಲ್ಲಿರುವ ನ್ಯಾಷನಲ್ ಮ್ಯೂಸಿಯಂನಲ್ಲಿದ್ದೆ. ಒಬ್ಬಳು ಹನ್ನೊಂದರವರೆಗೆ ನಿದ್ದೆ ಹೊಡೆದಳು. ಸಂಜೆ ನಾಮ್ಸಾನ್ ಗುಡ್ಡದ ಟವರ್ ಕೆಳಗೆ ಸೇರಿದಾಗ ಎಲ್ಲರ ಹತ್ತಿರವೂ ಹೇಳೋಕೆ ಹೊಸ ಕಥೆ ಇತ್ತು.

ಸಸ್ಯಾಹಾರಿ ಗೆಳತಿಯ ಊಟ

ಕೊರಿಯಾದಲ್ಲಿ ಸಸ್ಯಾಹಾರ ಸುಲಭವಿಲ್ಲ. ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಇರುತ್ತದೆ. ಸಾರಿಗೆ ಒಣಮೀನಿನ ನೀರು. ಬಿಬಿಮ್‌ಬಾಪ್ ಕೇಳುವಾಗ ‘ಗೋಗಿ ಪ್ಪೇಗೊ ಜುಸೆಯೊ’ ಅಂದರೆ ಮಾಂಸ ಬಿಟ್ಟು ಕೊಡಿ ಅಂತ; ಮೊಟ್ಟೆ ಬೇಡ ಅನ್ನುವುದನ್ನು ಬೇರೆ ಹೇಳಬೇಕು. ಮೀನು, ಮೊಟ್ಟೆ, ಮಾಂಸ ಯಾವುದೂ ಬೇಡ ಅಂತ ಕೊರಿಯನ್‌ನಲ್ಲೇ ಬರೆದ ಒಂದು ಸ್ಕ್ರೀನ್‌ಶಾಟ್ ಫೋನಿನಲ್ಲಿಟ್ಟುಕೊಳ್ಳಿ.

ಅವಳಿಗೆ ನಿಜವಾಗಿ ಖುಷಿ ಕೊಟ್ಟದ್ದು ಬೌದ್ಧ ಮಠದ ಅಡುಗೆ. ಇನ್ಸಾದೊಂಗ್ ಬಳಿ, ಜೋಗ್ಯೆಸಾ ದೇವಾಲಯದ ಸುತ್ತ ಅಂಥ ಊಟದ ಮನೆಗಳಿವೆ. ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ-ಬೆಳ್ಳುಳ್ಳಿ ಜಾತಿಯ ಐದು ಘಾಟು ತರಕಾರಿಗಳನ್ನೂ ಹಾಕುವುದಿಲ್ಲ. ‘ನಮ್ಮಜ್ಜಿ ಚಾತುರ್ಮಾಸದಾಗ ಹಿಂಗ ಮಾಡ್ತಿದ್ಲು’ ಅಂತ ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಬೆಲೆ ಸ್ವಲ್ಪ ಜಾಸ್ತಿ. ಮೊದಲೇ ಶೀಟ್‌ನಲ್ಲಿ ಈ ಒಂದು ಊಟಕ್ಕೆ ದುಡ್ಡು ತೆಗೆದಿಟ್ಟಿದ್ದೆವು. ನಾಲ್ವರೂ ಅಲ್ಲೇ ಉಂಡೆವು. ಅವಳೊಬ್ಬಳಿಗೆ ಬೇರೆ ಊಟ, ಉಳಿದವರಿಗೆ ಬೇರೆ ಅಂತ ಎಲ್ಲ ಹೊತ್ತೂ ಮಾಡಿದರೆ ಅದು ಗುಂಪಿನ ಟ್ರಿಪ್ ಆಗೋದಿಲ್ಲ.

1905ರಿಂದ ಇರುವ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಹೆಸರುಬೇಳೆ ರುಬ್ಬಿ ಮಾಡುವ ಬಿಂದೇತ್ತೋಕ್ ಸಿಗುತ್ತದೆ, ದಪ್ಪನೆಯ ಪೆಸರಟ್ಟಿನ ಹಾಗೆ. ಕೆಲವರು ಹಂದಿಮಾಂಸ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಹೊತ್ತೋಕ್ ಮಾತ್ರ ಯಾವ ಹೆದರಿಕೆಯೂ ಇಲ್ಲದೆ ನಮ್ಮ ಹೋಳಿಗೆಯ ದೂರದ ನೆಂಟ: ಒಳಗೆ ಕಂದು ಸಕ್ಕರೆ, ಕಡಲೆಬೀಜ, ದಾಲ್ಚಿನ್ನಿ. ಬಿಸಿ ಪಾಕ ನಾಲಿಗೆ ಸುಡುತ್ತದೆ, ಜೋಪಾನ.

ಒಂದನೇ ಸುತ್ತು, ಎರಡನೇ ಸುತ್ತು

ಕೊರಿಯಾದವರ ರಾತ್ರಿಗೆ ಒಂದು ಕ್ರಮವಿದೆ. ಇಲ್-ಛಾ ಅಂದರೆ ಮೊದಲ ಸುತ್ತು: ಊಟ, ಜೊತೆಗೆ ಸೋಜು. ಈ-ಛಾ ಎರಡನೆಯದು: ಜಾಗ ಬದಲಿಸಿ ಬಿಯರ್, ಚಿಕನ್. ಸಾಮ್-ಛಾ ಮೂರನೆಯದು: ಹೆಚ್ಚಾಗಿ ನೊರೆಬಾಂಗ್, ಅಂದರೆ ಬಾಗಿಲು ಹಾಕಿಕೊಂಡು ಹಾಡುವ ಕ್ಯಾರಿಯೋಕಿ ಕೋಣೆ. ದೊಡ್ಡವರಿಗೆ ಎರಡೂ ಕೈಯಿಂದ ಗ್ಲಾಸ್ ತುಂಬಬೇಕು. ತಮ್ಮ ಗ್ಲಾಸ್ ತಾವೇ ತುಂಬಿಕೊಳ್ಳಬಾರದು.

ಗುಂಪಿನಲ್ಲಿ ಕುಡಿಯದವರಿದ್ದರೆ ಈ ಪದ್ಧತಿ ಅನುಕೂಲವೇ. ಯಾವ ಸುತ್ತಿಗೆ ಬರಬೇಕು, ಯಾವುದಕ್ಕೆ ರೂಮಿಗೆ ಹೋಗಬೇಕು ಅಂತ ಮೊದಲೇ ಹೇಳಬಹುದು. ನಮ್ಮ ಹುಬ್ಬಳ್ಳಿಯವಳು ಎರಡನೇ ಸುತ್ತು ಬಿಟ್ಟು ಸೀದಾ ಮೂರಕ್ಕೆ ಬರುತ್ತಿದ್ದಳು. ನಾಣ್ಯ ಹಾಕಿ ಹಾಡುವ ಅಗ್ಗದ ನೊರೆಬಾಂಗ್‌ಗಳು ಹೊಂಗ್‌ದೇಯಲ್ಲಿ ಹೆಜ್ಜೆಗೊಂದು. ಅವರ ಪಟ್ಟಿಯಲ್ಲಿ ಕನ್ನಡ ಹಾಡು ಸಿಗಲಿಲ್ಲ. ಮೈಕ್ ಅಂತೂ ಇತ್ತಲ್ಲ! ಮ್ಯೂಸಿಕ್ ಇಲ್ಲದೆಯೇ ಡಾ. ರಾಜ್ ಹಾಡು ಹಾಡಿದೆವು.

ಎಲ್ಲಕ್ಕಿಂತ ಅಗ್ಗದ ರಾತ್ರಿ ಹಾನ್ ನದಿಯದು. ಬಾನ್‌ಪೊ ಸೇತುವೆಯಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ ಬಣ್ಣದ ಕಾರಂಜಿ ಚಿಮ್ಮುತ್ತದೆ. ದಡದ ಅಂಗಡಿಯಲ್ಲಿ ರಾಮ್ಯೋನ್ ನೂಡಲ್ಸ್ ಕೊಂಡರೆ ಅಲ್ಲೇ ಇರುವ ಮೆಷಿನ್‌ನಲ್ಲಿ ಬಟನ್ ಒತ್ತಿ ಬೇಯಿಸಿಕೊಳ್ಳಬಹುದು. ಅದರ ಮಸಾಲೆಯಲ್ಲಿ ಮಾಂಸ ಇರುವುದರಿಂದ ನಮ್ಮ ಗೆಳತಿ ಬಿಸಿನೀರು ಮಾತ್ರ ತಂದು, ಊರಿಂದ ತಂದಿದ್ದ ಪ್ಯಾಕೆಟ್ ಗೊಜ್ಜವಲಕ್ಕಿಗೆ ಹಾಕಿಕೊಂಡಳು.

ಅಲ್ಲೇ ಚಾಪೆ ಮೇಲೆ ಕೂತಿದ್ದಾಗ ಮೈಸೂರಿನವನು ಇದ್ದಕ್ಕಿದ್ದಂತೆ ‘ಆ 90 ಸಾವಿರ ನಂದು ಕಣ್ರೋ’ ಅಂದ. ಯಾರೂ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಆರ್ಮಿ, ‘2 ಲಕ್ಷ ನಂದು. ಅಷ್ಟು ಖರ್ಚಾಗಿದ್ರೆ ನಾವು ಈಗ ಯಾವುದೋ ಹೋಟೆಲ್ ರೂಮಲ್ಲಿ ಬೇರೆ ಬೇರೆ ಮಲಗಿರ್ತಿದ್ವಿ’ ಅಂದಳು. ಆ ರಾತ್ರಿ ಅವನು ಕೆಲಸ ಹೋದ ಆ ಮೂರು ತಿಂಗಳ ಬಗ್ಗೆ ಮೊದಲ ಸಲ ಮಾತಾಡಿದ. ಇಎಂಐ ಬಗ್ಗೆ, ಮನೆಯಲ್ಲಿ ಹೇಳದೆ ದಿನಾ ಬ್ಯಾಗ್ ಹಾಕಿಕೊಂಡು ಹೊರಟದ್ದರ ಬಗ್ಗೆ. ಬೆಂಗಳೂರಿನಲ್ಲಿ ಅವನ ಮನೆಗೂ ನನ್ನ ಮನೆಗೂ ಹತ್ತು ಕಿಲೋಮೀಟರ್. ಅಲ್ಲಿ ಆಗದ ಮಾತು ಇಲ್ಲಿ ಆಯಿತು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಬೋರ್ಡುಗಳೆಲ್ಲ ಹಂಗುಲ್ ಲಿಪಿಯಲ್ಲಿರುತ್ತವೆ. ಅರಸ ಸೇಜೋಂಗ್ 1446ರಲ್ಲಿ ಜನರಿಗೆ ಕೊಟ್ಟ ಲಿಪಿ ಅದು. ಮೂಲ ಅಕ್ಷರ 24 ಮಾತ್ರ. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಅಕ್ಷರ ಕಟ್ಟುವ ರೀತಿ ಕಾಗುಣಿತ ಕಲಿತ ನಮಗೆ ಹೊಸದೇನಲ್ಲ. ವಿಮಾನ ಬದಲಿಸಲು ಕಾಯುವ ಹೊತ್ತಿನಲ್ಲೇ ಕಲಿಯಬಹುದು. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮ ಹಾಗೆಯೇ. ಕೊನೆಯ ‘ಯೊ’ ನಮ್ಮ ‘ರೀ’ ಇದ್ದ ಹಾಗೆ, ಬಿಡಬೇಡಿ. ಮೆಟ್ರೋದಲ್ಲಿ ಮಗುವೊಂದು ‘ಅಪ್ಪಾ’ ಅಂತ ಕರೆದರೆ ತಿರುಗಿ ನೋಡಬೇಡಿ, ಅವರಲ್ಲೂ ಅಪ್ಪನಿಗೆ ಅಪ್ಪನೇ.

ಫೋನಿನಲ್ಲಿ ಮೂರು ನಂಬರ್ ಇರಲಿ: ಪೊಲೀಸ್ 112, ಆಂಬುಲೆನ್ಸ್ ಮತ್ತು ಅಗ್ನಿಶಾಮಕ 119, ಇಂಗ್ಲಿಷ್‌ನಲ್ಲೂ ಮಾತಾಡುವ ಪ್ರವಾಸಿ ಸಹಾಯವಾಣಿ 1330. ಮಾಂಸದ ಪದಾರ್ಥ, ಹಣ್ಣು ಬ್ಯಾಗಿನಲ್ಲಿ ಒಯ್ಯಬೇಡಿ. ಅಕ್ಟೋಬರ್ ಕೊನೆಗೆ ಬೆಳಗಿನ ಚಳಿ ನಮ್ಮ ಮಡಿಕೇರಿಗಿಂತ ಜಾಸ್ತಿ, ಜಾಕೆಟ್ ಬೇಕೇ ಬೇಕು.

ನಮ್ಮ ಲೆಕ್ಕ ತಲೆಗೆ 88 ಸಾವಿರದಲ್ಲಿ ಮುಗಿಯಿತು. ಆರ್ಮಿ ಈಗ ಜರ್ಮನಿಯಲ್ಲಿದ್ದಾಳೆ. ಗ್ರೂಪಿನಲ್ಲಿ ಹೊಸ ಗೂಗಲ್ ಫಾರ್ಮ್ ಬಂದಿದೆ, ಈ ಸಲ ಕಳಿಸಿದವನು ಮೈಸೂರಿನವನು. ನಿಮ್ಮ ಗುಂಪಿನಲ್ಲೂ ವರ್ಷಗಳಿಂದ ಬರೀ ಮಾತಿನಲ್ಲೇ ಉಳಿದ ಟ್ರಿಪ್ ಒಂದಿದ್ದರೆ, ಜಾಗ ಹುಡುಕುವ ಮೊದಲು ಆ ಒಂದು ಪ್ರಶ್ನೆ ಕಳಿಸಿ ನೋಡಿ. ಬಂದ ಅತಿ ಚಿಕ್ಕ ಉತ್ತರದಿಂದ ಶುರು ಮಾಡಿ.